ಥೆರಪಿಯಲ್ಲಿ ಪೇಷಂಟೇ ಥೆರಪಿಸ್ಟ್‌ಗೆ ದಾರಿ ತೋರಿಸುತ್ತಾರೆ ಅಂತಾರಲ್ಲ, ಅದನ್ನು ಅಳೆಯೋಕೆ ಆಗುತ್ತಾ?

ಆಗುತ್ತೆ. ಆದರೆ ಮೈಮುರಿಯುವ ಕೆಲಸ.

ಈ ವಿಚಾರಕ್ಕೆ ಗಟ್ಟಿ ರೂಪ ಕೊಟ್ಟವರು ಸ್ಯಾನ್ ಫ್ರಾನ್ಸಿಸ್ಕೋದ ಜೋಸೆಫ್ ವೈಸ್ ಮತ್ತು ಹೆರಾಲ್ಡ್ ಸ್ಯಾಂಪ್ಸನ್. 1972ರಲ್ಲಿ ಇಬ್ಬರೂ ಸೇರಿ ಒಂದು ಸಂಶೋಧನಾ ಗುಂಪು ಕಟ್ಟಿದರು. ವೈಸ್ ಹೇಳಿದ್ದು ಇಷ್ಟು: ಪೇಷಂಟ್ ಸುಮ್ನೆ ಬಂದು ಕೂರುವುದಿಲ್ಲ, ತನ್ನನ್ನು ಕಾಡುವ ನಂಬಿಕೆ ಸುಳ್ಳಾ ಅಂತ ತನಗೇ ಗೊತ್ತಿಲ್ಲದಂತೆ ಥೆರಪಿಸ್ಟ್ ಮೇಲೆ ಪರೀಕ್ಷೆ ಮಾಡುತ್ತಾರೆ. ಪಾಸಾಗಲಿ ಅಂತ ಸುಳಿವೂ ಕೊಡುತ್ತಾರೆ.

'ನನ್ನಿಷ್ಟದಂತೆ ನಡೆದರೆ ಮನೆಯವರಿಗೆ ನೋವಾಗುತ್ತೆ' ಅಂತ ನಂಬಿರುವ ಒಬ್ಬ ಹುಡುಗಿ ಅಂದುಕೊಳ್ಳಿ. "ಹಾಸ್ಟೆಲ್‌ಗೆ ಹೋಗ್ತೀನಿ ಅಂದಿದ್ದಕ್ಕೆ ಅಮ್ಮ ಮಾತೇ ಬಿಟ್ಟಿದ್ರು" ಅಂತಾಳೆ. ಸ್ವಲ್ಪ ಹೊತ್ತು ಬಿಟ್ಟು, "ಮೇಡಂ, ಇನ್ಮೇಲೆ ಹದಿನೈದು ದಿನಕ್ಕೊಂದ್ಸಲ ಬರ್ಲಾ?" ಮೊದಲನೆಯದು ಸುಳಿವು, ಎರಡನೆಯದು ಪರೀಕ್ಷೆ. ಮೇಡಂ ಮುಖ ಸಣ್ಣ ಮಾಡಿಕೊಂಡರೆ ಫೇಲ್. ಆರಾಮಾಗಿ "ನಿಮಗೆ ಹೇಗೆ ಅನುಕೂಲ, ಮಾತಾಡೋಣ" ಅಂದರೆ ಹುಡುಗಿ ಇಷ್ಟು ದಿನ ಹೇಳದ್ದನ್ನು ಹೇಳೋಕೆ ಶುರು ಮಾಡಬಹುದು.

ಈಗ ಅಳತೆಗೆ ಬರೋಣ. ಸೆಷನ್ ರೆಕಾರ್ಡ್ ಮಾಡಿ (ಒಪ್ಪಿಗೆ ತಗೊಂಡೇ) ಅಕ್ಷರಕ್ಕಿಳಿಸುತ್ತಾರೆ. ಶುರುವಿನ ಕೆಲವು ಸೆಷನ್ ಓದಿ ಒಂದಷ್ಟು ಅನುಭವಿಗಳು, ಒಬ್ಬರಿಗೊಬ್ಬರು ಮಾತಾಡದೆ, ಈ ಪೇಷಂಟ್‌ನ ಗುರಿ ಏನು, ಅಡ್ಡಿ ಏನು, ಯಾವ ಥರ ಪರೀಕ್ಷೆ ಮಾಡಬಹುದು ಅಂತ ಬರೆದು ಅಂಕ ಕೊಡುತ್ತಾರೆ. ಇನ್ನೊಂದು ತಂಡ, ಪೇಷಂಟ್ ಮಾಡಿದ ಪರೀಕ್ಷೆಯಲ್ಲಿ ಥೆರಪಿಸ್ಟ್ ಎಷ್ಟರಮಟ್ಟಿಗೆ ಪಾಸಾದರು ಅಂತ ಅವರು ಕೊಟ್ಟ ಉತ್ತರಕ್ಕೆ ಅಂಕ ಹಾಕುತ್ತದೆ. ಆಮೇಲೆ ಪೇಷಂಟ್ ಏನಂದರು ಅನ್ನೋದನ್ನು ಅವರಿಗೆ ತೋರಿಸಬಾರದು, ತೋರಿಸಿದರೆ ಕಥೆ ಮುಗೀತು! ಮೂರನೆಯ ತಂಡದ ಕೈಗೆ ಆ ಉತ್ತರದ ಹಿಂದಿನ ಮತ್ತು ಮುಂದಿನ ಮಾತು ಹೋಗುತ್ತೆ. ಪೇಷಂಟ್ ತನ್ನ ಭಾವನೆಯನ್ನು ಎಷ್ಟು ಆಳಕ್ಕಿಳಿದು ನೋಡುತ್ತಿದ್ದಾರೆ ಅಂತ ಅಳೆಯೋಕೆ ಏಳು ಮಟ್ಟದ ಒಂದು ಸ್ಕೇಲ್ ಇದೆ. ಒಳ್ಳೆ ಅಂಕದ ಉತ್ತರದ ನಂತರ ಆ ಮಟ್ಟ ಏರಿತಾ, ನೋಡಬೇಕಾದ್ದು ಅದನ್ನೇ.

ನನಗೆ ಒಂದು ತಕರಾರಿದೆ. ಇದೇ ಸಿದ್ಧಾಂತ ಓದಿಕೊಂಡವರು ಅಂಕ ಹಾಕೋಕೆ ಕೂತರೆ ಅವರಿಗೆ ಎಲ್ಲೆಲ್ಲೂ ಪರೀಕ್ಷೆಯೇ ಕಾಣಿಸುತ್ತೆ, ಅಲ್ವಾ?

ಸುಲಭದ ದಾರಿ ಅಂದರೆ ಸೆಷನ್ ಹೇಗಿತ್ತು ಅಂತ ಕೊನೆಗೆ ಪೇಷಂಟೇ ಗುರುತು ಹಾಕುವ ಸೆಷನ್ ರೇಟಿಂಗ್ ಸ್ಕೇಲ್. ಹತ್ತು ಸೆಂಟಿಮೀಟರಿನ ನಾಲ್ಕು ಗೆರೆ, ಒಟ್ಟು 40, ಮೊತ್ತ 36ರ ಒಳಗೆ ಬಂದರೆ ಥೆರಪಿಸ್ಟ್ ಏನು ಸರಿಯಿಲ್ಲ ಅಂತ ಕೇಳಬೇಕು. ಆದರೆ ನಮ್ಮಲ್ಲಿ 'ಮೇಡಂಗೆ ಬೇಜಾರಾಗುತ್ತೆ' ಅಂತ ಬಲತುದಿಗೇ ಗುರುತು ಹಾಕುವವರೇ ಜಾಸ್ತಿ. ಅದಕ್ಕೇ ನಾನು 40ಕ್ಕೆ 40 ನೋಡಿದರೆ ಖುಷಿಪಡಲ್ಲ.

ಪ್ರಾಜೆಕ್ಟ್‌ಗೆ ಕೇಳುತ್ತಿದ್ದರೆ ಒಂದೇ ಕೇಸ್ ತಗೊಳ್ಳಿ, ಅಂಕ ಹಾಕುವವರು ಒಬ್ಬರಿಗೊಬ್ಬರು ಎಷ್ಟು ಒಪ್ಪುತ್ತಾರೆ ಅನ್ನೋದನ್ನು ಮೊದಲು ಲೆಕ್ಕ ಹಾಕಿ. ಅದೇ ಸರಿಬರದಿದ್ದರೆ ಮುಂದಿನ ಲೆಕ್ಕ ದಂಡ.