ಲಿನೋ ಪ್ರಿಂಟಲ್ಲಿ ಕಟ್ಟಡಗಳೆಲ್ಲ ಒಂದೇ ಕಪ್ಪು ಮುದ್ದೆ ಆಗುತ್ತಿದ್ದರೆ

ಗಾಂಧಿ ಬಜಾರಿನ ಕಟ್ಟಡಗಳನ್ನು ಚೌಕ ತ್ರಿಕೋನಗಳಲ್ಲಿ ಲಿನೋ ಹಾಳೆ ಮೇಲೆ ಕೊರೆದು, ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದರೆ ಎಲ್ಲ ಕಪ್ಪು ಮುದ್ದೆ ಆಗುತ್ತಿದೆ ಅಂತ ಕೇಳಿದ್ದೀರಿ. ಲಿನೋದಲ್ಲಿ ಕೊರೆದ ಜಾಗ ಬಿಳಿಯಾಗಿ ಉಳಿಯುತ್ತದೆ, ಕೊರೆಯದ ಜಾಗ ಕಪ್ಪಾಗಿ ಅಚ್ಚಾಗುತ್ತದೆ. ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ನೀವು ಮೊದಲೇ ತೀರ್ಮಾನಿಸಿಲ್ಲ ಅನಿಸುತ್ತೆ, ಅದಕ್ಕೇ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿವೆ. ಶಾಯಿ ಜಾಸ್ತಿಯಾಗಿ ಸಣ್ಣ ಗೆರೆಗಳು ತುಂಬಿಕೊಂಡಿರಲೂಬಹುದು. ಪ್ರಿಂಟ್ ಕೈಯಲ್ಲಿ ಹಿಡಿದು ನೋಡದೆ ಖಚಿತವಾಗಿ ಹೇಳಲಾರೆ, ಗೆರೆಯ ಅಂಚು ಉಬ್ಬಿದ್ದರೆ ಮೊದಲು ಶಾಯಿ ಕಡಿಮೆ ಮಾಡಿ.

ಲಿನೋಗೆ ಈಗಲೇ ಉಳಿ ಹಾಕಬೇಡಿ. ಕೊರೆದದ್ದು ವಾಪಸ್ ಬರಲ್ಲ, ಅಲ್ವಾ? ಈಗಿರುವ ಒಂದು ಪ್ರಿಂಟ್ ಚೆನ್ನಾಗಿ ಒಣಗಲಿ (ನಮ್ಮ ಮಳೆಗಾಲದಲ್ಲಿ ಎಣ್ಣೆ ಶಾಯಿಗೆ ಜಾಸ್ತಿ ದಿನ ಬೇಕು), ಆಮೇಲೆ ಅದರ ಮೇಲೇ ಬಿಳಿ ಪೋಸ್ಟರ್ ಬಣ್ಣದಲ್ಲಿ ತಿದ್ದಿ ನೋಡಿ. ಬೆಳಕು ಬೀಳುವ ಗೋಡೆ ಪೂರ್ತಿ ಬಿಳಿ, ಪಕ್ಕದ್ದು ಪೂರ್ತಿ ಕಪ್ಪು. ಹೆಂಚಿನ ಮಾಡಿಗೆ ಇಳಿಜಾರಿನ ದಿಕ್ಕಿನಲ್ಲೇ ಸಾಲು ಗೆರೆ ಎಳೆಯಿರಿ, ಗೆರೆಯಷ್ಟೇ ಅಗಲದ ಜಾಗ ನಡುವೆ ಬಿಟ್ಟರೆ ದೂರದಿಂದ ಬೂದು ಬಣ್ಣದ ಹಾಗೆ ಕಾಣುತ್ತದೆ. ಎರಡು ಕಪ್ಪು ಗೋಡೆ ತಾಗುವಲ್ಲಿ ತೆಳು ಬಿಳಿ ಗೆರೆ ಸಾಕು. ವೈರು, ಬೋರ್ಡು, ಕಿಟಕಿ ಸರಳು ಎಲ್ಲ ಬಿಟ್ಟುಬಿಡಿ. ಹಳೆ ಮಾಡಿನ ಇಳಿಜಾರು ಪಕ್ಕದ ಕಾಂಕ್ರೀಟ್ ಚೌಕಕ್ಕೆ ತಾಗುವ ಜಾಗವೇ ಆ ಬೀದಿಯ ಗುರುತು, ನಿಮ್ಮ ಶ್ರಮವೆಲ್ಲ ಅಲ್ಲಿರಲಿ.

ತಿದ್ದಿದ್ದು ಸರಿ ಅನಿಸಿದ ಮೇಲೆ ಲಿನೋಗೆ ಬನ್ನಿ. ಪ್ರಿಂಟಿನ ಚಿತ್ರ ಲಿನೋ ಮೇಲೆ ಎಡ ಬಲ ತಿರುಗಿರುತ್ತದೆ, ಹಾಗಾಗಿ ಬಿಳಿಯಾಗಬೇಕಾದ ಗೋಡೆಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೇ ಕೊರೆಯಲು ಶುರುಮಾಡಿ.