ಪುಸ್ತಕಕ್ಕಿಂತ ‘ಅಪ್ಪಂಗೆ ಹೇಳ್ಬೇಡ’ ಅಂದಿದ್ದೇ ಎಡವಟ್ಟು

ಪ್ರಶ್ನೆ: ನಮ್ದು ಚರ್ಚ್ ಸಭೆಗೆ ತಪ್ಪದೆ ಹೋಗೋ ಕುಟುಂಬ. ಮಗಳಿಗೆ ಹತ್ತು ವರ್ಷ, ಪುಸ್ತಕದ ಹುಚ್ಚು. ಫ್ರೆಂಡ್ ಹತ್ರ ಹ್ಯಾರಿ ಪಾಟರ್ ಮೊದಲನೇ ಭಾಗ ಇಸ್ಕೊಂಡು ಬಂದು ಓದ್ತಿದ್ಲು, ನಮ್ಮವರು ನೋಡಿದ್ದೇ ತಡ, ಇದೆಲ್ಲ ಮಾಟ ಮಂತ್ರ, ಸೈತಾನನಿಗೆ ಬಾಗಿಲು ತೆಗೆದ ಹಾಗೆ ಅಂತ ಕಿತ್ಕೊಂಡು ವಾಪಸ್ ಕೊಡಿಸಿದ್ರು. ಮೂರು ದಿನ ಅತ್ಲು. ನನ್ ಕರುಳು ಚುರುಕ್ ಅಂತು, ಲೈಬ್ರರಿಯಿಂದ ತಂದ್ಕೊಟ್ಟು ಅಪ್ಪಂಗೆ ಹೇಳ್ಬೇಡ ಅಂದೆ. ಈಗ ರಾತ್ರಿ ಹೊದಿಕೆ ಒಳಗೆ ಟಾರ್ಚ್ ಹಾಕ್ಕೊಂಡು ಓದ್ತಾಳೆ. ಮೊನ್ನೆ ಮನೆ ಪ್ರಾರ್ಥನೇಲಿ, ‘ಬೈಬಲ್ಲಲ್ಲಿ ಆರೋನನ ಕೋಲು ಹಾವಾಗಿದ್ದು ಮ್ಯಾಜಿಕ್ ಅಲ್ವಾ ಪಪ್ಪಾ?’ ಅಂತ ಕೇಳ್ಬಿಟ್ಲು. ನಮ್ಮವರು ನನ್ ಮುಖ ನೋಡಿದ್ರು. ನಾನು ಮಾಡಿದ್ದು ತಪ್ಪಾ?

ಉತ್ತರ: ಹೂಂ, ತಪ್ಪೇ. ಪುಸ್ತಕ ತಂದಿದ್ದಲ್ಲ, ‘ಅಪ್ಪಂಗೆ ಹೇಳ್ಬೇಡ’ ಅಂದಿದ್ದು. ಆ ಕಥೇಲಿರೋ ಯಾವ ಮಂತ್ರಾನೂ ನಿಮ್ಮ ಮಗಳಿಗೆ ಕಲಿಸದೇ ಇರೋ ಒಂದು ವಿದ್ಯೆ ನೀವು ಕಲಿಸಿಬಿಟ್ರಿ, ಒಬ್ಬರಿಗೆ ಒಂದು ಮುಖ ಇನ್ನೊಬ್ಬರಿಗೆ ಇನ್ನೊಂದು ಮುಖ ತೋರ್ಸೋದು. ಇವತ್ತು ಪುಸ್ತಕ, ನಾಳೆ ಅವಳಿಗೆ ಹದಿನೈದಾದಾಗ ಅದೇ ಹೊದಿಕೆ ಒಳಗೆ ಫೋನ್ ಇರುತ್ತೆ, ಆಗ ‘ಅಮ್ಮಂಗೂ ಹೇಳ್ಬೇಡ’ ಅಂತ ಹೇಳೋರು ಬೇರೆ ಯಾರೋ ಇರ್ತಾರೆ.

ನಿಮ್ಮವರನ್ನ ಹಳೇ ಕಾಲದೋರು ಅಂತ ತಳ್ಳಿಹಾಕೋಕೂ ಹೋಗ್ಬೇಡಿ. ಬೈಬಲ್ಲಿನ ಧರ್ಮೋಪದೇಶಕಾಂಡ 18ನೇ ಅಧ್ಯಾಯದಲ್ಲಿ ಕಣಿ ಹೇಳೋದು, ಶಕುನ ನೋಡೋದು, ಮಾಟ ಮಾಡೋದು, ಸತ್ತವರನ್ನ ವಿಚಾರಿಸೋದು ಬೇಡವೇ ಬೇಡ ಅಂತ ಖಡಕ್ಕಾಗೇ ಇದೆ, ಎಫೆಸ ಪಟ್ಟಣದಲ್ಲಿ ಮಾಟದ ಪುಸ್ತಕಗಳನ್ನ ಜನ ತಾವಾಗೇ ತಂದು ಸುಟ್ಟಿದ್ದೂ ಇದೆ, ಅದರ ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯ ಅಂತ ಲೆಕ್ಕ ಸಮೇತ. ಆ ಭಯ ಅವರೊಬ್ಬರದ್ದೇ ಅಲ್ಲ. ಅಮೆರಿಕದ ಲೈಬ್ರರಿಗಳಲ್ಲಿ 2000ದಿಂದ 2009ರ ತನಕ ಅತಿ ಹೆಚ್ಚು ಆಕ್ಷೇಪ ಬಂದಿದ್ದು ಇದೇ ಸರಣಿ ಮೇಲೆ ಅಂತ ಅಲ್ಲಿನ ಲೈಬ್ರರಿ ಸಂಘವೇ ಪಟ್ಟಿ ಮಾಡಿತ್ತು.

ಆದ್ರೆ ಎಫೆಸದವರು ಸುಟ್ಟಿದ್ದು ತಾವು ಕೂತು ಪ್ರಯೋಗ ಮಾಡ್ತಿದ್ದ ಪುಸ್ತಕಗಳನ್ನ ಅಲ್ವಾ, ಕಥೆಗಳನ್ನಲ್ಲ. ಬೈಬಲ್ಲಲ್ಲೇ ಏಂದೋರ್ ಊರಿನ ಹೆಂಗಸು ಅರಸ ಸೌಲನಿಗೋಸ್ಕರ ಸತ್ತ ಪ್ರವಾದಿ ಸಮುವೇಲನನ್ನ ಕರೆಸೋ ಕಥೆ ಇದೆ, ಅದನ್ನ ಓದಿ ಯಾರೂ ಸತ್ತವರನ್ನ ಕರೆಯೋಕೆ ಹೊರಡಲ್ಲ. ಅದೇ ಬೈಬಲ್ಲಲ್ಲಿ ಯೋತಾಮ ಅನ್ನೋನು ಹೇಳೋ ಕಥೇಲಿ ಮರಗಳೆಲ್ಲ ಸೇರ್ಕೊಂಡು ತಮಗೊಬ್ಬ ಅರಸ ಬೇಕು ಅಂತ ಮಾತಾಡ್ಕೊಳ್ತವೆ. ಮಾತಾಡೋ ಮರ! ಹಂಗಂತ ಅದನ್ನ ಸುಳ್ಳು ಅಂತ ಯಾರು ಅಂದ್ರು?

ಇನ್ನೊಂದು ವಿಷ್ಯ ನಿಮ್ಮವರಿಗೆ ಹೇಳಿ ನೋಡಿ. ನಾರ್ನಿಯಾ ಕಥೆ ಬರೆದ ಸಿ.ಎಸ್. ಲೂಯಿಸ್ ಮೊದ್ಲು ನಾಸ್ತಿಕ, 1931ರಲ್ಲಿ ಕ್ರಿಸ್ತನನ್ನ ನಂಬಿದ್ದು, ಅದಕ್ಕೆ ಮುಂಚೆ ಒಂದು ರಾತ್ರಿ ಅವರ ಜೊತೆ ಹೊತ್ತು ಹೋಗಿದ್ದೇ ಗೊತ್ತಾಗದ ಹಾಗೆ ಮಾತಾಡಿದವರಲ್ಲಿ ಒಬ್ಬರು ಟೋಲ್ಕಿನ್, ‘ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನೋ ಉಂಗುರದ ಕಥೆ ಬರೆದವರು, ಪಕ್ಕಾ ಕ್ಯಾಥೊಲಿಕ್. ಲೂಯಿಸ್ 1950ರಲ್ಲಿ ತಂದ ಮೊದಲ ನಾರ್ನಿಯಾ ಪುಸ್ತಕದ ಹೆಸರಲ್ಲೇ ಮಾಟಗಾತಿ ಇದಾಳೆ. ಸಂಡೇ ಸ್ಕೂಲ್ ಟೀಚರ್‌ಗಳೇ ಅದನ್ನ ಮಕ್ಕಳ ಕೈಗೆ ಕೊಡೋದು ನಾನು ನೋಡಿದೀನಿ. ಬರೆದವರು ವಿಶ್ವಾಸಿ ಆದ ತಕ್ಷಣ ಪುಸ್ತಕ ಒಳ್ಳೇದು ಅಂತ ನಾನು ಹೇಳ್ತಿಲ್ಲ, ಮಂತ್ರದಂಡ ಇದ್ಯಾ ಇಲ್ವಾ ಅಂತ ಎಣಿಸಿದ್ರೆ ಏನೂ ಗೊತ್ತಾಗಲ್ಲ ಅಂತಿದೀನಿ ಅಷ್ಟೇ. ಕಥೆ ಕೆಟ್ಟದ್ದನ್ನ ಕೆಟ್ಟದ್ದು ಅಂತ ತೋರಿಸುತ್ತಾ ಇಲ್ವಾ, ಅಧಿಕಾರದ ಆಸೆಗೆ ಬಿದ್ದವನ ಗತಿ ಏನಾಯ್ತು, ಯಾರು ಯಾರಿಗೋಸ್ಕರ ಪ್ರಾಣ ಕೊಟ್ರು, ನೋಡ್ಬೇಕಾಗಿದ್ದು ಇದು. ಹ್ಯಾರಿ ಪಾಟರ್ ಕೊನೇ ಭಾಗ 2007ರದ್ದು, ಅದ್ರಲ್ಲಿ ಆ ಹುಡುಗನ ಅಪ್ಪ ಅಮ್ಮನ ಸಮಾಧಿ ಮೇಲೆ ಕೆತ್ತಿರೋದು ಕೊನೇ ಶತ್ರುವಾದ ಮರಣವೂ ನಾಶವಾಗುತ್ತೆ ಅನ್ನೋ ಬೈಬಲ್ ಮಾತು, 1 ಕೊರಿಂಥ 15:26. ಪುಸ್ತಕ ತೆಗೆದು ನೋಡದೇ ಇದ್ರೆ ಇದು ಗೊತ್ತಾಗೋದಾದ್ರೂ ಹೇಗೆ.

ಹಾಗಂತ ಏಳು ಭಾಗಾನೂ ಒಂದೇ ಉಸಿರಲ್ಲಿ ಓದೋಕೆ ಬಿಡ್ಬೇಡಿ. ಹೋಗ್ತಾ ಹೋಗ್ತಾ ಕಥೆ ಕತ್ತಲಾಗುತ್ತೆ, ನಾಲ್ಕನೇದ್ರಲ್ಲಿ ಒಬ್ಬ ಹುಡುಗನನ್ನ ಕಣ್ಣೆದುರೇ ಕೊಲ್ತಾರೆ, ಹತ್ತು ವರ್ಷದ ಮಗು ಅದನ್ನ ಟಾರ್ಚ್ ಬೆಳಕಲ್ಲಿ ಒಬ್ಳೇ ಓದೋದು ನನಗೂ ಇಷ್ಟ ಇಲ್ಲ. ರಾತ್ರಿ ಬೆಚ್ಚಿ ಬೀಳ್ತಾಳಾ, ನಿಜವಾಗ್ಲೂ ಮಂತ್ರ ಹಾಕೋಕೆ, ಭವಿಷ್ಯ ನೋಡೋಕೆ ಶುರು ಮಾಡ್ತಾಳಾ ಅಂತ ಒಂದು ಕಣ್ಣಿಟ್ಟಿರಿ. ಅಂಥದ್ದೇನಾದ್ರೂ ಕಂಡ್ರೆ ನಿಲ್ಸಿ. ಕಡ್ಡಿ ಹಿಡ್ಕೊಂಡು ಫ್ರೆಂಡ್ಸ್ ಜೊತೆ ಆಟ ಆಡಿದ್ರೆ ಅದು ಆಟ, ಬಿಡಿ.

ಈಗ ಮಾಡ್ಬೇಕಾಗಿದ್ದು. ಇವತ್ತೇ ನಿಮ್ಮವರ ಹತ್ರ ಒಪ್ಕೊಳ್ಳಿ, ಆಮೇಲೆ ಮಗಳ ಎದುರಿಗೇ ‘ನಾನು ನಿಂಗೆ ಹಂಗೆ ಹೇಳಿದ್ದು ತಪ್ಪು’ ಅನ್ನಿ. ನಾಲಿಗೆ ತೊದಲುತ್ತೆ, ತೊದಲ್ಲಿ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಪೌಲ, ಏನು ತಿನ್ಬೇಕು ಏನು ಬೇಡ ಅನ್ನೋ ಜಗಳದ ಬಗ್ಗೆ, ತಿನ್ನೋನು ತಿನ್ನದವನನ್ನ ಹೀನವಾಗಿ ನೋಡ್ಬಾರ್ದು, ತಿನ್ನದವನು ತಿನ್ನೋನಿಗೆ ತೀರ್ಪು ಮಾಡ್ಬಾರ್ದು ಅಂತಾನೆ. ಎರಡನೇದು ಅವರಿಗೆ, ಮೊದಲನೇದು ನಿಮಗೆ. ಆಮೇಲೆ ಮೊದಲ ಎರಡು ಅಧ್ಯಾಯ ಅವರೇ ಮಗಳಿಗೆ ಜೋರಾಗಿ ಓದಿ ಹೇಳ್ಲಿ ಅಂತ ಕೇಳ್ಕೊಳ್ಳಿ. ಓದಿದ ಮೇಲೂ ಬೇಡ ಅಂದ್ರೆ ಒಂದು ವರ್ಷ ಎತ್ತಿಡಿ, ಕಾರಣ ಇಬ್ರೂ ಸೇರಿ ಹೇಳಿ, ಬದ್ಲಿಗೆ ಬೇರೆ ಕಥೆ ಕೊಡಿ. ಓದೋ ಮಗೂನ ಬರೀ ಕೈಲಿ ಮಾತ್ರ ಕೂರಿಸ್ಬೇಡಿ.

ಮೋಶೆಯ ಅಣ್ಣ ಆರೋನನ ಕೋಲಿನ ಪ್ರಶ್ನೆ ಬಗ್ಗೆ ಯಾಕ್ರೀ ಮುಖ ಮುಖ ನೋಡ್ಕೊಂಡ್ರಿ, ಎಷ್ಟು ಚೆನ್ನಾಗಿ ಕೇಳಿದಾಳೆ! ಐಗುಪ್ತದ ಅರಸ ಫರೋಹನ ಮಂತ್ರವಾದಿಗಳೂ ಕೋಲುಗಳನ್ನ ಹಾವು ಮಾಡಿದ್ರು, ಆರೋನನ ಕೋಲು ಅವನ್ನೆಲ್ಲ ನುಂಗ್ತು. ಅವರದ್ದು ಅವರ ವಿದ್ಯೆ, ಆರೋನ ಮಾಡಿದ್ದು ದೇವರು ಹೇಳಿದ ಮಾತು. ಈ ವ್ಯತ್ಯಾಸ ಅವಳಿಗೆ ಬಿಡಿಸಿ ಹೇಳೋಕೆ ಅವಳ ಪಪ್ಪಂಗಿಂತ ಒಳ್ಳೇ ಜನ ಇಲ್ಲ, ಅವತ್ತು ನಿಂತುಹೋದ ಉತ್ತರ ಇನ್ನೂ ಬಾಕಿ ಇದೆ ಅಂತ ನೆನಪು ಮಾಡಿ.

ಅಂದಹಾಗೆ ಅದು ಲೈಬ್ರರಿ ಪುಸ್ತಕ ಅಲ್ವಾ, ಡೇಟ್ ಮುಗಿದ್ರೆ ರಿನ್ಯೂ ಮಾಡ್ಸೋಕೆ ಈ ಸಲ ಅವರನ್ನೇ ಕಳ್ಸಿ.