ಸಿಸ್ಟಮಿಕ್ ಸ್ಕ್ಲೆರೋಡರ್ಮಾಕ್ಕೆ ಪರಿಣತ ಚಿಕಿತ್ಸಾ ಕೇಂದ್ರ ಹುಡುಕುವುದು ಹೇಗೆ?

ಈ ರೋಗದಲ್ಲಿ ಚರ್ಮ ಗಟ್ಟಿಯಾಗುವುದರ ಜೊತೆ ಒಳಗಿನ ಅಂಗಗಳಿಗೂ ಪೆಟ್ಟು ಬೀಳಬಹುದು, ಹಾಗಾಗಿ ಚರ್ಮ ಗಟ್ಟಿಯಾಗುತ್ತಿದೆ ಅಂತ ಸುಮ್ನೆ ಚರ್ಮದ ಡಾಕ್ಟರ ಹತ್ತಿರವೇ ಸುತ್ತಬೇಡಿ. ಇದಕ್ಕೆ ಮುಖ್ಯವಾಗಿ ಬೇಕಾದವರು ರುಮಟಾಲಜಿಸ್ಟ್ (ಕೀಲು ಮತ್ತು ರೋಗನಿರೋಧಕ ಶಕ್ತಿ ಎಡವಟ್ಟಾಗಿ ಬರುವ ಕಾಯಿಲೆಗಳ ತಜ್ಞರು), ಅದರಲ್ಲೂ ಶ್ವಾಸಕೋಶ, ಹೃದಯ, ಕಿಡ್ನಿ ತಜ್ಞರು ಒಂದೇ ಕಡೆ ಸಿಗುವ ದೊಡ್ಡ ಬೋಧನಾ ಆಸ್ಪತ್ರೆಯವರು. ಈ ರೋಗದ ಚಿಕಿತ್ಸೆ, ಸಂಶೋಧನೆ ಮಾಡುವ ಕೇಂದ್ರಗಳು ಸೇರಿದ ಯುರೋಪಿನ ಯೂಸ್ಟಾರ್ (EUSTAR) ಜಾಲದಲ್ಲಿ ಬೇರೆ ಖಂಡಗಳ ಕೇಂದ್ರಗಳೂ ಇವೆ, ಅಮೆರಿಕದಲ್ಲಾದರೆ ನ್ಯಾಷನಲ್ ಸ್ಕ್ಲೆರೋಡರ್ಮಾ ಫೌಂಡೇಶನ್ ಪಟ್ಟಿ ಕೊಡುತ್ತದೆ. ಫೋನ್ ಮಾಡಿ ಒಂದೇ ಮಾತು ಕೇಳಿ: ವರ್ಷಕ್ಕೆ ಇಂಥ ಎಷ್ಟು ರೋಗಿಗಳನ್ನು ನೋಡುತ್ತೀರಿ? ಅನುಭವ ಇರುವವರು ಯಾರು ಅಂತ ಮೊದಲ ಭೇಟಿಯಲ್ಲೇ ಗೊತ್ತಾಗಿಬಿಡುತ್ತದೆ, ಮೈಮೇಲೆ 17 ಕಡೆ ಚರ್ಮ ಚಿವುಟಿ ಎಷ್ಟು ಗಟ್ಟಿಯಾಗಿದೆ ಅಂತ ಅಂಕ ಹಾಕುತ್ತಾರೆ, ಉಗುರಿನ ಬುಡಕ್ಕೆ ಲೆನ್ಸ್ ಹಿಡಿದು ರಕ್ತನಾಳ ನೋಡುತ್ತಾರೆ, ಕೆಮ್ಮು ಇಲ್ಲದಿದ್ದರೂ ಶ್ವಾಸಕೋಶದ ಪರೀಕ್ಷೆ, ಎಕೋ (ಹೃದಯದ ಸ್ಕ್ಯಾನ್) ಬರೆಯುತ್ತಾರೆ. ಕೇಂದ್ರ ದೂರವಿದ್ದರೆ ವರ್ಷಕ್ಕೊಂದೆರಡು ಸಲ ಹೋಗಿ, ಉಳಿದದ್ದನ್ನು ಹತ್ತಿರದ ಡಾಕ್ಟರ್ ನೋಡಿಕೊಳ್ಳಲಿ. ಬಿಪಿ ಏಕಾಏಕಿ ಜಾಸ್ತಿಯಾದರೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ, ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.